ಕೈಲಿ ಒಂದೇ ರೀಬೈ ಇದ್ದಾಗ

2009ರಲ್ಲಿ ಲಾಸ್ ವೇಗಸ್‌ನ ವರ್ಲ್ಡ್ ಸೀರೀಸ್ ಆಫ್ ಪೋಕರ್ ತನ್ನ ಪಂದ್ಯಪಟ್ಟಿಯಿಂದ ರೀಬೈ ಟೂರ್ನಿಗಳನ್ನು ಕೈಬಿಟ್ಟಿತು. ಚಿಪ್ಸ್ ಖಾಲಿಯಾದವರು ಇನ್ನೊಮ್ಮೆ ದುಡ್ಡು ಕಟ್ಟಿ, ಅದೇ ಕುರ್ಚಿಯಲ್ಲಿ ಕೂತು ಆಟ ಮುಂದುವರಿಸುವ ಸೌಲಭ್ಯವೇ ರೀಬೈ. ಜೇಬು ದಪ್ಪಗಿದ್ದವರು ಗೆದ್ದವರಿಗೆ ಕೊಡುವ ಕಡಗವನ್ನೇ ಕೊಂಡುಕೊಳ್ಳುತ್ತಿದ್ದಾರೆ ಎಂಬ ದೂರು ಅದಕ್ಕೆ ಹಲವು ವರ್ಷಗಳಿಂದ ಅಂಟಿಕೊಂಡಿತ್ತು. 2006ರ ಸಾವಿರ ಡಾಲರ್ ರೀಬೈ ಪಂದ್ಯದಲ್ಲಿ ಕೆನಡಾದ ಡೇನಿಯಲ್ ನೆಗ್ರಾನು ನಲವತ್ತಕ್ಕೂ ಹೆಚ್ಚು ಸಲ ದುಡ್ಡು ಕಟ್ಟಿದ್ದರು. ಎಲೆ ಬಂದರೂ ಬರದಿದ್ದರೂ ಚಿಪ್ಸ್ ಮುಂದೆ ತಳ್ಳಿ, ಮೇಜಿನ ಮೇಲೆ ಚಿಪ್ಸಿನ ರಾಶಿ ಬೆಳೆಸಿ, ಆಮೇಲೆ ಆ ರಾಶಿಯನ್ನು ಗೆಲ್ಲುವುದು ಅವರ ಉಪಾಯ. ಆ ಪಂದ್ಯ ಅವರಿಗೆ ಒಲಿಯಲಿಲ್ಲ. ಆದರೆ ರೀಬೈ ಎಂದರೆ ಹುಚ್ಚೆದ್ದು ಆಡುವ ಪರವಾನಗಿ ಎಂಬ ನಂಬಿಕೆ ಪೋಕರ್ ಲೋಕದಲ್ಲಿ ಗಟ್ಟಿಯಾಯಿತು.

ಈಗಿನ ಬಹುಪಾಲು ಟೂರ್ನಿಗಳು ಎರಡು ಕೊನೆಗಳ ನಡುವೆ ಎಲ್ಲೋ ಒಂದು ಕಡೆ ನಿಂತಿವೆ. ಒಂದು ಕೊನೆಯಲ್ಲಿ, ಸೋತರೆ ಮನೆಗೆ ಹೋಗಬೇಕಾದ ಫ್ರೀಜ್‌ಔಟ್. ವರ್ಲ್ಡ್ ಸೀರೀಸ್‌ನ ಹತ್ತು ಸಾವಿರ ಡಾಲರಿನ ಮುಖ್ಯ ಪಂದ್ಯ ಇಂದಿಗೂ ಹಾಗೆಯೇ ನಡೆಯುತ್ತದೆ. ಇನ್ನೊಂದು ಕೊನೆಯಲ್ಲಿ ಎಷ್ಟು ಸಲ ಬೇಕಾದರೂ ದುಡ್ಡು ಕಟ್ಟಬಹುದಾದ ಹಳೆಯ ರೀಬೈ ಪಂದ್ಯ. ನಡುವೆ ಇರುವುದು ಮಿತ ರೀಬೈ: ಕಡ್ಡಾಯ ಪಣ ಏರುತ್ತ ಹೋಗುವ ಮೊದಲ ಕೆಲವು ಲೆವೆಲ್‌ಗಳೊಳಗೆ ಒಂದು ಅಥವಾ ಎರಡು ಅವಕಾಶ, ಆಮೇಲೆ ಬ್ರೇಕ್‌ನಲ್ಲಿ ಇಷ್ಟವಿದ್ದರೆ ಹೆಚ್ಚುವರಿ ಚಿಪ್ಸ್ ಕೊಡುವ ಆಡ್-ಆನ್, ಅಲ್ಲಿಂದ ಮುಂದೆ ಬಾಗಿಲು ಬಂದ್. ಈ ನಡುವಿನ ಆಟದ ಬಗ್ಗೆ ಸಿಗುವ ಸಲಹೆಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಬಿಂದಾಸ್ ಆಗಿ ಆಡಿ, ಹೇಗೂ ಇನ್ನೊಂದು ಜೀವ ಇದೆ ಎನ್ನುವವರಿದ್ದಾರೆ. ರೀಬೈ ಇಲ್ಲವೆಂದೇ ಭಾವಿಸಿ ಆಡಿ ಎನ್ನುವವರಿದ್ದಾರೆ. ಚಾಣಾಕ್ಷರು ರೀಬೈ ತೆಗೆದುಕೊಳ್ಳುವುದೇ ಇಲ್ಲ ಎಂಬ ಮೂರನೆಯ ಪಂಗಡವೂ ಉಂಟು. ಮೂವರಲ್ಲಿ ಯಾರ ಮಾತು ಲೆಕ್ಕಕ್ಕೆ ನಿಲ್ಲುತ್ತದೆ?

ಪೂಲ್ ರಮ್ಮಿ ಆಡಿದವರಿಗೆ ಈ ಮರುಪ್ರವೇಶ ಹೊಸದಲ್ಲ. 101ರ ಆಟದಲ್ಲಿ ಔಟ್ ಆದವರು ಮತ್ತೆ ಸೇರಬೇಕೆಂದರೆ ಉಳಿದ ಯಾರ ಅಂಕವೂ 79 ದಾಟಿರಬಾರದು. ಸೇರಿದರೂ ಸೊನ್ನೆಯಿಂದ ಶುರುವಿಲ್ಲ, ಆ ಹೊತ್ತಿಗೆ ಯಾರ ಅಂಕ ಅತಿ ಹೆಚ್ಚಿದೆಯೋ ಅದಕ್ಕೆ ಇನ್ನೊಂದು ಸೇರಿಸಿ ಅಲ್ಲಿಂದ ಆಡಬೇಕು. ಮರಳಿ ಬಂದವನಿಗೆ ದಂಡ ಎದುರಿಗೇ ಕಾಣುತ್ತದೆ. ಪೋಕರ್‌ನಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ. ಕೈಗೆ ಬರುವುದು ಮೊದಲಿನಷ್ಟೇ ಚಿಪ್ಸ್, ಆದರೆ ಅಷ್ಟರಲ್ಲಿ ಬ್ಲೈಂಡ್ (ಎಲೆ ಹಂಚುವ ಮುಂಚೆಯೇ ಇಬ್ಬರು ಕಟ್ಟಬೇಕಾದ ಕಡ್ಡಾಯ ಪಣ) ಏರಿರುತ್ತದೆ, ಎದುರಿನವರ ಬಳಿ ನಿಮ್ಮ ಹಳೆಯ ಚಿಪ್ಸ್ ಸೇರಿರುತ್ತದೆ.

ಲೆಕ್ಕಕ್ಕಾಗಿ ಒಂದು ಟೂರ್ನಿಯನ್ನು ಊಹಿಸಿಕೊಳ್ಳೋಣ. ಪ್ರವೇಶಕ್ಕೆ 1,000 ರೂಪಾಯಿ, ಅದರ ಮೇಲೆ ಆಯೋಜಕರ ಶುಲ್ಕ 100. ಕೈಗೆ 10,000 ಚಿಪ್ಸ್. ಮೊದಲ ಆರು ಲೆವೆಲ್‌ಗಳೊಳಗೆ 1,000 ರೂಪಾಯಿಗೆ ಒಂದೇ ರೀಬೈ, ಮತ್ತೆ 10,000 ಚಿಪ್ಸ್. ಆರನೇ ಲೆವೆಲ್ ಮುಗಿದಾಗ 1,000 ರೂಪಾಯಿಗೆ 15,000 ಚಿಪ್ಸಿನ ಆಡ್-ಆನ್.

ಮೊದಲು ಚಿಪ್ಸಿನ ಬೆಲೆಯ ಮಾತು. ಟೂರ್ನಿಯ ಚಿಪ್ಸಿಗೆ ಅಂಗಡಿಯ ನಾಣ್ಯದ ಗುಣವಿಲ್ಲ. ಇದನ್ನು ಅಳೆಯಲು ಪೋಕರ್ ಲೋಕ ಇವತ್ತು ಬಳಸುವ ಸೂತ್ರದ ಬೇರು ಕುದುರೆ ಪಂದ್ಯದಲ್ಲಿದೆ. ಒಂದು ಕುದುರೆ ಮೊದಲು ಬರುವ ಸಂಭವ ಗೊತ್ತಿದ್ದರೆ ಎರಡನೆಯದಾಗಿ, ಮೂರನೆಯದಾಗಿ ಬರುವ ಸಂಭವ ಎಷ್ಟು ಎಂಬುದಕ್ಕೆ ಸಂಖ್ಯಾಶಾಸ್ತ್ರಜ್ಞ ಡೇವಿಡ್ ಹಾರ್ವಿಲ್ 1973ರಲ್ಲಿ ಒಂದು ಲೆಕ್ಕ ಕೊಟ್ಟರು. ಪೋಕರ್ ಲೇಖಕ ಮೇಸನ್ ಮಾಲ್ಮತ್ 1980ರ ದಶಕದಲ್ಲಿ ಅದನ್ನು ಪೋಕರ್ ಚಿಪ್ಸಿಗೆ ಅನ್ವಯಿಸಿದರು. ಇವತ್ತು ಆಟಗಾರರು ಅದನ್ನು ಐಸಿಎಂ ಎಂದು ಕರೆಯುತ್ತಾರೆ. ಮೂವರು ಉಳಿದಿದ್ದಾರೆ, ಬಹುಮಾನ 50, 30, 20 ಎಂದುಕೊಳ್ಳಿ. ಒಬ್ಬನ ಬಳಿ ಒಟ್ಟು ಚಿಪ್ಸಿನ ಅರ್ಧ, ಉಳಿದಿಬ್ಬರ ಬಳಿ ಕಾಲು ಕಾಲು ಭಾಗ. ಸೂತ್ರದ ಪ್ರಕಾರ ಅರ್ಧ ಚಿಪ್ಸ್ ಇರುವವನ ಪಾಲು 38.3 ಮಾತ್ರ. ಕಾಲು ಭಾಗ ಇರುವವರ ಪಾಲು ತಲಾ 30.8. ಚಿಪ್ಸ್ ಹೆಚ್ಚಿದಂತೆ ಒಂದೊಂದು ಚಿಪ್ಪಿನ ಬೆಲೆ ಇಳಿಯುತ್ತದೆ, ಕಡಿಮೆಯಾದಂತೆ ಏರುತ್ತದೆ. ಬರಿಗೈಲಿ ಇದ್ದವನು ಕೊಳ್ಳುವ ಚಿಪ್ಸ್ ಎಲ್ಲಕ್ಕಿಂತ ಬೆಲೆಯುಳ್ಳದ್ದು. ಮಾಲ್ಮತ್ ಇದರಿಂದಲೇ ಒಂದು ನಿರ್ಣಯಕ್ಕೆ ಬಂದರು: ರೀಬೈ ತೆಗೆದುಕೊಳ್ಳುವುದು ಎಳಸುತನ ಎಂಬ ಹಳಬರ ಮಾತಿಗೆ ಗಣಿತದ ಆಧಾರವಿಲ್ಲ. ಮೂರನೆಯ ಪಂಗಡದ ವಾದ ಇಲ್ಲಿಗೇ ಬಿತ್ತು.

ಆದರೆ ರೀಬೈ ತೆಗೆದುಕೊಳ್ಳಬಹುದು ಎಂಬುದೇ ಬೇರೆ, ಅದಕ್ಕಾಗಿ ಆಟ ಸಡಿಲಿಸಬಹುದು ಎಂಬುದೇ ಬೇರೆ. ಗೊಂದಲ ಹುಟ್ಟುವುದು ಈ ಎರಡನ್ನೂ ಒಂದೇ ಎಂದುಕೊಂಡಾಗ.

ಎಷ್ಟು ಸಡಿಲಿಸಬಹುದು ಎಂಬುದಕ್ಕೆ ಬಿಲ್ ಚೆನ್ ಮತ್ತು ಜೆರಡ್ ಆಂಕೆನ್‌ಮನ್ 2006ರಲ್ಲಿ ಬರೆದ 'ದಿ ಮ್ಯಾಥಮ್ಯಾಟಿಕ್ಸ್ ಆಫ್ ಪೋಕರ್' ಪುಸ್ತಕದ ಒಂದು ಸರಳ ಮಾದರಿ ಸಾಕು. ಟೂರ್ನಿ ಗೆಲ್ಲುವುದೆಂದರೆ ಚಿಪ್ಸನ್ನು ಮತ್ತೆ ಮತ್ತೆ ಎರಡು ಪಟ್ಟು ಮಾಡುತ್ತ ಹೋಗುವುದು. 128 ಜನರ ಟೂರ್ನಿಯಲ್ಲಿ ಏಳು ಸಲ ದ್ವಿಗುಣವಾದರೆ ಎಲ್ಲ ಚಿಪ್ಸೂ ನಿಮ್ಮದು. ಸಾಮಾನ್ಯ ಆಟಗಾರನಿಗೆ ಪ್ರತಿ ದ್ವಿಗುಣದ ಸಂಭವ ನೂರಕ್ಕೆ 50. ತುಸು ಪಳಗಿದವನಿಗೆ 52 ಇರಲಿ. ಏಳು ಮೆಟ್ಟಿಲು ಹತ್ತುವಷ್ಟರಲ್ಲಿ ಆ ಎರಡೇ ಅಂಶ ಬೆಳೆದು ಅವನು ಗೆಲ್ಲುವ ಸಂಭವ ಸಾಮಾನ್ಯನಿಗಿಂತ ಸುಮಾರು ನೂರಕ್ಕೆ ಮೂವತ್ತು ಪಾಲು ಹೆಚ್ಚಾಗುತ್ತದೆ. ಗೆದ್ದವನಿಗೇ ಎಲ್ಲ ಹಣ ಎಂದಿಟ್ಟುಕೊಂಡರೆ, ಅವನು 1,000 ರೂಪಾಯಿಗೆ ಕೊಂಡ ಜಾಗದ ನಿಜ ಬೆಲೆ 1,300. ಚಿಪ್ಸ್ ಎರಡು ಪಟ್ಟಾದರೆ ಆ ಜಾಗ 2,500ರದ್ದು.

ಫ್ರೀಜ್‌ಔಟ್‌ನಲ್ಲಿ ಅವನು ಇರುವುದೆಲ್ಲವನ್ನೂ ಪಣಕ್ಕಿಡಲು ಗೆಲುವಿನ ಸಂಭವ ನೂರಕ್ಕೆ 52 ಇರಬೇಕು. ಅದಕ್ಕಿಂತ ಕಡಿಮೆಯಿದ್ದರೆ ಎಲೆ ಬಿಟ್ಟು ಕಾಯುವುದೇ ಲಾಭ. ಈಗ ಒಂದು ರೀಬೈ ಕೊಡಿ. ರೀಬೈ ಅವಧಿಯಲ್ಲಿ ಅವನು ಔಟ್ ಆಗುವ ಸಂಭವ ನೂರಕ್ಕೆ 40, ಚಿಪ್ಸ್ ಎರಡು ಪಟ್ಟಾದ ಮೇಲೆ 20 ಎಂದು ನಾನು ಹಿಡಿದಿದ್ದೇನೆ. ಸೋತರೆ 1,000 ಕಟ್ಟಿ 1,300ರ ಜಾಗ ಸಿಗುತ್ತದೆ, ಅಂದರೆ ಕೈಲಿ ಉಳಿಯುವುದು 300. ಆ ಅವಕಾಶ ಇರುವುದರಿಂದಲೇ ಆರಂಭದ ಜಾಗದ ಬೆಲೆ 1,300 ಇದ್ದದ್ದು 1,420 ಆಗುತ್ತದೆ. ಗೆದ್ದರೆ 2,560. ಇವನ್ನು ತೂಗಿ ನೋಡಿದರೆ ಪಣಕ್ಕೆ ಬೇಕಾದ ಸಂಭವ ನೂರಕ್ಕೆ 49.6. ಎರಡು ರೀಬೈ ಇದ್ದರೆ 48.4. ಮಿತಿಯೇ ಇಲ್ಲದಿದ್ದರೂ 47.6.

ಈ ನಾಲ್ಕು ಅಂಕಿಗಳನ್ನು ಒಂದು ನಿಮಿಷ ನೋಡಿ. ಎಷ್ಟು ಬೇಕಾದರೂ ರೀಬೈ ಸಿಗುವ ಟೂರ್ನಿಗೂ ಒಂದೂ ಸಿಗದ ಟೂರ್ನಿಗೂ ಇರುವ ವ್ಯತ್ಯಾಸ ಸುಮಾರು ನಾಲ್ಕೂವರೆ ಅಂಶ. ಒಂದೇ ರೀಬೈ ಇದ್ದಾಗ ಸಿಗುವ ಸಡಿಲಿಕೆ ಎರಡೂವರೆಗೂ ಕಡಿಮೆ. ರೀಬೈ ಅವಧಿಯಲ್ಲಿ ಮೇಜುಗಳಲ್ಲಿ ಕಾಣುವ ಸಡಿಲಿಕೆ ಇದರ ಹತ್ತು ಪಟ್ಟು ಇರುತ್ತದೆ. ನನ್ನ ಊಹೆಯ 40, 20 ಅನ್ನು ನೀವು ಬದಲಿಸಿ ಲೆಕ್ಕ ಹಾಕಬಹುದು. ದಶಮಾಂಶಗಳು ಅತ್ತಿತ್ತ ಆದಾವು, ಆದರೆ ರೀಬೈ ಮಿತವಾದಷ್ಟೂ ಸಡಿಲಿಕೆ ಕುಗ್ಗುತ್ತದೆ ಎಂಬ ದಿಕ್ಕು ಬದಲಾಗುವುದಿಲ್ಲ. ಕಾರಣವೂ ನೇರ: ಮಿತ ರೀಬೈಯಲ್ಲಿ ಸೋತವನು ಚಿಪ್ಸ್ ಮಾತ್ರ ಕಳೆದುಕೊಳ್ಳುವುದಿಲ್ಲ, ಇನ್ನೊಮ್ಮೆ ಬರುವ ಹಕ್ಕನ್ನೂ ಕಳೆದುಕೊಳ್ಳುತ್ತಾನೆ. ಆ ಹಕ್ಕಿಗೂ ಬೆಲೆಯುಂಟು.

ಇನ್ನೊಂದು ಮುಖವೂ ಇದೆ, ಅದನ್ನು ಹೇಳಿದರೆ ಯಾರಿಗೂ ಇಷ್ಟವಾಗುವುದಿಲ್ಲ. ಮೇಜಿನಲ್ಲಿ ಉಳಿದವರಿಗಿಂತ ಆಟದಲ್ಲಿ ಹಿಂದಿರುವವನ 1,000 ರೂಪಾಯಿಯ ಜಾಗದ ನಿಜ ಬೆಲೆ 900 ಇದ್ದೀತು. ಅವನಿಗೆ ರೀಬೈ ಎಂದರೆ 900ರ ವಸ್ತುವನ್ನು 1,000 ಕೊಟ್ಟು ಎರಡನೆಯ ಸಲ ಕೊಳ್ಳುವುದು. ಅವನ ಮಟ್ಟಿಗೆ ಎಲ್ಲ ಟೂರ್ನಿಯೂ ಫ್ರೀಜ್‌ಔಟೇ ಆಗಿರಬೇಕು. ಸೋತ ಮರುಕ್ಷಣ ಜೇಬಿಗೆ ಕೈ ಹಾಕುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆ ಇಷ್ಟೇ: ಈ ಮೇಜಿಗೆ, ಈ ಲೆವೆಲ್‌ಗೆ, ಈಗ ಹೊಸಬನಾಗಿ ಬಂದಿದ್ದರೆ ನಾನು ದುಡ್ಡು ಕಟ್ಟಿ ಕೂರುತ್ತಿದ್ದೆನೇ? ಹಿಂದಿನ ಕೈಯಲ್ಲಿ ಎದುರಾಳಿ ಅದೃಷ್ಟದಿಂದ ಗೆದ್ದದ್ದು ಆ ಲೆಕ್ಕದೊಳಗೆ ಬರಬಾರದು. ಹೇಳುವುದು ಸುಲಭ, ನಿಜ. ನಷ್ಟದಲ್ಲಿರುವ ಮನುಷ್ಯ ಲಾಭದಲ್ಲಿದ್ದಾಗ ಮುಟ್ಟದ ಅಪಾಯಗಳಿಗೆ ಕೈಹಾಕುತ್ತಾನೆ ಎಂಬುದನ್ನು ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾಹ್ನೆಮನ್ ಮತ್ತು ಅಮೋಸ್ ಟ್ವೆರ್ಸ್ಕಿ 1979ರಷ್ಟು ಹಿಂದೆಯೇ ತೋರಿಸಿದ್ದರು. ಆ ದೃಷ್ಟಿಯಿಂದ ಆಯೋಜಕರು ಹಾಕುವ ಮಿತಿ ಒಂದು ಉಪಕಾರವೇ.

ರೀಬೈಯ ಬೆಲೆ ಗಡಿಯಾರದ ಜೊತೆ ಇಳಿಯುತ್ತದೆ. ಬ್ಲೈಂಡ್ 50-100 ಇರುವಾಗ 10,000 ಚಿಪ್ಸ್ ಎಂದರೆ ನೂರು ದೊಡ್ಡ ಬ್ಲೈಂಡ್. ಮೂರು ಎಲೆ ಬಿದ್ದ ಮೇಲೆ, ನಾಲ್ಕನೆಯದು ಬಿದ್ದ ಮೇಲೆ, ಐದನೆಯದಾದ ಮೇಲೆ, ಪ್ರತಿ ಹಂತದಲ್ಲೂ ಯೋಚಿಸಿ ಆಡುವಷ್ಟು ಆಳ. ಅದೇ 10,000 ಚಿಪ್ಸ್ ಆರನೇ ಲೆವೆಲ್‌ನ 300-600ಕ್ಕೆ ಬಂದರೆ ಹದಿನೇಳು ಬ್ಲೈಂಡೂ ಇಲ್ಲ. 1995ರ ವಿಶ್ವ ಚಾಂಪಿಯನ್ ಡ್ಯಾನ್ ಹ್ಯಾರಿಂಗ್ಟನ್ ತಮ್ಮ ಪುಸ್ತಕಗಳಲ್ಲಿ ಇದಕ್ಕೆ ಒಂದು ಅಳತೆ ಜನಪ್ರಿಯಗೊಳಿಸಿದರು. ಬ್ಯಾಕ್‌ಗ್ಯಾಮನ್ ಪಟು ಪಾಲ್ ಮ್ಯಾಗ್ರಿಯಲ್ ಅವರ ಅಡ್ಡಹೆಸರಿನ ಮೊದಲಕ್ಷರವೇ ಅದರ ಹೆಸರು: ಎಂ. ಎರಡೂ ಬ್ಲೈಂಡ್ ಮತ್ತು ಆಂಟೆ (ಪ್ರತಿ ಕೈಗೂ ಕಟ್ಟಬೇಕಾದ ಇನ್ನೊಂದು ಕಡ್ಡಾಯ ಪಣ) ಸೇರಿಸಿದ ಮೊತ್ತದಿಂದ ಚಿಪ್ಸನ್ನು ಭಾಗಿಸಿದರೆ, ಏನೂ ಆಡದೆ ಎಷ್ಟು ಸುತ್ತು ಬದುಕಬಹುದು ಎಂದು ತಿಳಿಯುತ್ತದೆ. 20 ಮೇಲಿದ್ದರೆ ಹಸಿರು ವಲಯ, ಆರಾಮ. 10ರಿಂದ 20 ಹಳದಿ. 6ರಿಂದ 10 ಕಿತ್ತಳೆ. ಅದಕ್ಕೂ ಕೆಳಗೆ ಕೆಂಪು. ನಮ್ಮ ಊಹೆಯ ಟೂರ್ನಿಯಲ್ಲಿ ದೊಡ್ಡ ಬ್ಲೈಂಡಿನಷ್ಟೇ ಆಂಟೆ ಇದೆ ಎಂದರೆ, ಆರನೇ ಲೆವೆಲ್‌ನಲ್ಲಿ ರೀಬೈ ಮಾಡಿದವನ ಎಂ ಏಳಕ್ಕಿಂತ ಕಡಿಮೆ. ಅವನು ಹುಟ್ಟುವುದೇ ಕಿತ್ತಳೆ ವಲಯದಲ್ಲಿ. ಚಿಪ್ಸ್ ತಳ್ಳುವುದು ಇಲ್ಲವೇ ಎಲೆ ಬಿಡುವುದು, ಇವೆರಡೇ ನಿರ್ಧಾರ ಉಳಿದಾಗ ಪಳಗಿದವನಿಗೂ ಎಳಸನಿಗೂ ಅಂತರ ಕಿರಿದಾಗುತ್ತದೆ. ಹಾಗಾಗಿ ಸ್ವಲ್ಪ ಅಪಾಯ ತೆಗೆದುಕೊಳ್ಳುವುದಿದ್ದರೆ ಮೊದಲ ಎರಡು ಮೂರು ಲೆವೆಲ್‌ಗಳಲ್ಲೇ ತೆಗೆದುಕೊಳ್ಳುವುದು ಮೇಲು. ಬಹುತೇಕರು ಮಾಡುವುದು ತದ್ವಿರುದ್ಧ: ಆರಂಭದಲ್ಲಿ ಜೋಪಾನ, ಬ್ರೇಕ್‌ಗೆ ಮುಂಚಿನ ಕೊನೆಯ ಕೈಯಲ್ಲಿ ಕಣ್ಣುಮುಚ್ಚಿ ಆಲ್-ಇನ್, ಅಂದರೆ ಇದ್ದದ್ದೆಲ್ಲ ಪಣಕ್ಕೆ.

ಇನ್ನು ಆಡ್-ಆನ್. ಇದನ್ನು ಬೇರೆಯಾಗಿ ನೋಡುವುದೇ ತಪ್ಪು. ನಮ್ಮ ಟೂರ್ನಿಗೆ 100 ಜನ ಬಂದರು, 60 ಜನ ರೀಬೈ ಮಾಡಿದರು, 80 ಜನ ಆಡ್-ಆನ್ ತೆಗೆದುಕೊಂಡರು ಎನ್ನಿ. ಬಹುಮಾನದ ಮೊತ್ತ 2,40,000 ರೂಪಾಯಿ. ಒಟ್ಟು ಚಿಪ್ಸ್ 28 ಲಕ್ಷ. ಸರಾಸರಿ ತೆಗೆದರೆ ಸಾವಿರ ಚಿಪ್ಸಿಗೆ ಸುಮಾರು 86 ರೂಪಾಯಿ. ಈ ದರದಲ್ಲಿ ಆಡ್-ಆನ್‌ನ 15,000 ಚಿಪ್ಸ್ ಸುಮಾರು 1,285 ರೂಪಾಯಿಯ ವಸ್ತು, ಸಿಗುವುದು 1,000ಕ್ಕೆ. ಬಿಡುವ ಮಾತೇ ಇಲ್ಲ. ಮೇಜಿನ ಅರ್ಧ ಚಿಪ್ಸ್ ನಿಮ್ಮ ಮುಂದೆಯೇ ಇದ್ದರೆ ಮಾತ್ರ, ಐಸಿಎಂ ಕಾರಣಕ್ಕೆ, ಆ ಲಾಭ ಕರಗುತ್ತದೆ. ಆದರೆ ರೀಬೈಯ 10,000 ಚಿಪ್ಸ್? ಅದೇ ದರದಲ್ಲಿ 857 ರೂಪಾಯಿ, ಕೊಟ್ಟದ್ದು 1,000. ಒಂಟಿಯಾಗಿ ನೋಡಿದರೆ ದುಬಾರಿ. ರೀಬೈ ಮತ್ತು ಆಡ್-ಆನ್ ಸೇರಿಸಿದರೆ 2,000ಕ್ಕೆ 25,000 ಚಿಪ್ಸ್, ಬೆಲೆ 2,143. ಅಂದರೆ ಎರಡನ್ನೂ ಕೊಳ್ಳುವಷ್ಟು ದುಡ್ಡು ಇಲ್ಲದವನು ಮೊದಲನೆಯದನ್ನೂ ಕೊಳ್ಳಬಾರದು. ಕಡಿಮೆ ಚಿಪ್ಸಿಗೆ ಐಸಿಎಂ ತುಸು ಹೆಚ್ಚಿನ ಬೆಲೆ ಕೊಡುತ್ತದೆ ಎಂಬುದು ಇಲ್ಲಿ ಸ್ವಲ್ಪ ನೆರವಾಗುತ್ತದೆ, ಆದರೂ ಈ ಅಂತರವನ್ನು ಅದೊಂದೇ ತುಂಬೀತೆಂದು ನೆಚ್ಚಿಕೊಳ್ಳುವ ಹಾಗಿಲ್ಲ. ಆಡ್-ಆನ್ ದೊಡ್ಡದಿದ್ದಷ್ಟೂ ಆರಂಭದ ಗೆಲುವು ಸೋಲುಗಳು ಹಗುರವಾಗುತ್ತವೆ. ಮೂರು ಗಂಟೆ ಬೆವರಿ ಕೂಡಿಸಿದ 15,000 ಚಿಪ್ಸ್ ಬ್ರೇಕ್‌ನಲ್ಲಿ ಎಲ್ಲರಿಗೂ ಸಾವಿರ ರೂಪಾಯಿಗೆ ಸಿಗುತ್ತದೆಂದರೆ ಆ ಬೆವರಿಗೇನು ಅರ್ಥ? ಟೂರ್ನಿಯ ನಿಯಮದ ಹಾಳೆಯಲ್ಲಿ ಮೊದಲು ನೋಡಬೇಕಾದ ಸಾಲು ಇದು. ಎಷ್ಟು ಜನ ನೋಡುತ್ತಾರೋ.

ಕೆಲವು ಟೂರ್ನಿಗಳಲ್ಲಿ ಚಿಪ್ಸ್ ಆರಂಭದ ಮಟ್ಟಕ್ಕಿಂತ ಹೆಚ್ಚಿಲ್ಲದಿದ್ದರೆ ಸಾಕು, ಸೋಲುವ ಮುಂಚೆಯೇ ರೀಬೈ ಮಾಡಬಹುದು. ಹಾಗಿದ್ದಾಗ ಕೂತ ತಕ್ಷಣ ಎರಡು ಪಟ್ಟು ಚಿಪ್ಸಿನಿಂದ ಶುರು ಮಾಡುವವರಿದ್ದಾರೆ. ಇರುವುದೇ ಒಂದು ರೀಬೈ ಎಂದಾದರೆ ಇದು ಸರಿಯೇ? ನನ್ನ ತೀರ್ಪು: ಅದು ಮೇಜಿನಲ್ಲಿ ಯಾರಿದ್ದಾರೆ ಎಂಬುದರ ಮೇಲೆ ನಿಂತಿದೆ. ಪೋಕರ್‌ನಲ್ಲಿ ಎದುರಿನವನ ಬಳಿ ಇರುವಷ್ಟನ್ನೇ ಗೆಲ್ಲಲು ಸಾಧ್ಯ. ಉಳಿದವರೆಲ್ಲ 10,000 ಇಟ್ಟುಕೊಂಡು ಕೂತಿರುವಾಗ ನಿಮ್ಮ ಹೆಚ್ಚುವರಿ 10,000 ಕೆಲಸಕ್ಕೆ ಬಾರದೆ ಬಿದ್ದಿರುತ್ತದೆ. ಅದನ್ನು ಜೇಬಿನಲ್ಲೇ ಇಟ್ಟುಕೊಂಡಿದ್ದರೆ ಬೇಕಾಗದೇ ಹೋದ ದಿನ ಸಾವಿರ ರೂಪಾಯಿ ಉಳಿಯುತ್ತಿತ್ತು. ಆದರೆ ಸಡಿಲವಾಗಿ ಆಡುವ ಇಬ್ಬರು 20,000 ಇಟ್ಟುಕೊಂಡು ಎದುರಿಗೆ ಕೂತಿದ್ದರೆ ತಡ ಮಾಡಬೇಡಿ, ನಿಮ್ಮದನ್ನೂ ಮೇಜಿಗೆ ತನ್ನಿ. ಅವರ ಎರಡನೇ ಹತ್ತು ಸಾವಿರ ನಿಮಗೆ ಬರಬೇಕಾದರೆ ನಿಮ್ಮದೂ ಅಲ್ಲಿರಬೇಕು.

ಇಷ್ಟು ಹೊತ್ತು ನಿಮ್ಮ ರೀಬೈಯ ಮಾತಾಯಿತು. ನನಗೆ ಕೇಳಿದರೆ ಮಿತ ರೀಬೈ ಟೂರ್ನಿಯ ನಿಜವಾದ ದುಡ್ಡು ಇರುವುದು ಬೇರೆಯವರ ರೀಬೈಯಲ್ಲಿ. ಗಣಿತ ನಿಮ್ಮ ಆಟವನ್ನು ಎರಡು ಅಂಶದಷ್ಟು ಮಾತ್ರ ಸಡಿಲಿಸಲು ಬಿಟ್ಟಿದೆ. ಎದುರಿನವರು ಇಪ್ಪತ್ತು ಅಂಶ ಸಡಿಲಿಸಿದ್ದಾರೆ. ನೀವು ಬದಲಿಸಬೇಕಾದದ್ದು ಅವರಿಗೆ ಕೊಡುವ ಉತ್ತರವನ್ನು. ಎಕ್ಕ ಮತ್ತು ಗುಲಾಮ, ಬಣ್ಣ ಬೇರೆ ಬೇರೆ, ನಿಮ್ಮ ಕೈಯಲ್ಲಿದೆ ಎನ್ನಿ. ಬಿಗಿಯಾಗಿ ಆಡುವವನೊಬ್ಬ ಹತ್ತರ ಜೋಡಿ ಅಥವಾ ಮೇಲಿನ ಜೋಡಿ, ಇಲ್ಲವೇ ಎಕ್ಕದ ಜೊತೆ ರಾಣಿ ಅಥವಾ ರಾಜ ಇದ್ದಾಗ ಮಾತ್ರ ಎಲ್ಲವನ್ನೂ ತಳ್ಳುತ್ತಾನೆ. ಅವನೆದುರು ನಿಮ್ಮ ಗೆಲುವಿನ ಸಂಭವ ನೂರಕ್ಕೆ ಮೂವತ್ತರ ಆಸುಪಾಸು. ಬಿಡಬೇಕು. ಎಲೆಯನ್ನೇ ನೋಡದೆ ತಳ್ಳುವವನೆದುರು ಅದೇ ಕೈಗೆ ನೂರಕ್ಕೆ 63 ಮೀರಿದ ಸಂಭವ. ಎಂಟರ ಜೋಡಿಗೆ 69. ಯಾವ ರೀಬೈ ಸಿದ್ಧಾಂತವೂ ಬೇಡ, ಅದನ್ನು ಫ್ರೀಜ್‌ಔಟ್‌ನಲ್ಲೂ ಆಡಬಹುದು.

ಹುಚ್ಚಾಟದ ಮೇಜಿನಲ್ಲಿ ಮಾಡಬಾರದ್ದು ಬ್ಲಫ್. ನೀವು ಎಷ್ಟೇ ಗಂಭೀರ ಮುಖ ಮಾಡಿಕೊಂಡು ಚಿಪ್ಸ್ ತಳ್ಳಿದರೂ, ರೀಬೈ ಬಾಕಿ ಇರುವವನು ನೋಡೇಬಿಡೋಣ ಎಂದು ಕರೆಯುತ್ತಾನೆ. ಇಲ್ಲೇ ಮಿತ ರೀಬೈಗೆ ಮಾತ್ರ ಸೇರಿದ ಒಂದು ಸೂಕ್ಷ್ಮ ಇರುವುದು, ಪುಸ್ತಕಗಳು ಇದಕ್ಕೆ ಸಾಕಷ್ಟು ಜಾಗ ಕೊಟ್ಟಿಲ್ಲ. ಮಿತಿಯಿಲ್ಲದ ರೀಬೈಯಲ್ಲಿ ಎಲ್ಲರೂ ಒಂದೇ ಸ್ಥಿತಿಯಲ್ಲಿರುತ್ತಾರೆ. ಮಿತ ರೀಬೈಯಲ್ಲಿ ಒಂದೇ ಮೇಜಿನಲ್ಲಿ ಎರಡು ಟೂರ್ನಿ ನಡೆಯುತ್ತಿರುತ್ತದೆ: ಅವಕಾಶ ಉಳಿದವರದ್ದು, ಮುಗಿದವರದ್ದು. ಎಡಗಡೆ ಕೂತ ಮನುಷ್ಯ ಅರ್ಧ ಗಂಟೆ ಹಿಂದೆ ತನ್ನ ಒಂದೇ ರೀಬೈ ಬಳಸಿದ್ದಾನೆ. ಅಲ್ಲಿಂದೀಚೆಗೆ ಅವನ ಕೂರುವ ಭಂಗಿಯೇ ಬದಲಾಗಿದೆ, ಚಿಪ್ಸನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಾನೆ. ಅವನ ಬ್ಲೈಂಡನ್ನು ಕದಿಯಬಹುದು, ಅವನನ್ನು ದೊಡ್ಡ ಪಣದಿಂದ ಹೆದರಿಸಬಹುದು. ಬಲಗಡೆಯವನ ರೀಬೈ ಹಾಗೇ ಇದೆ. ಅವನೆದುರು ನಿಮಗೆ ಒಳ್ಳೆಯ ಕೈ ಬಂದಾಗ ಮಾತ್ರ ದೊಡ್ಡದಾಗಿ ಕಟ್ಟಿ, ಅವನು ಕೊಡುತ್ತಾನೆ. ಯಾರದ್ದು ಮುಗಿದಿದೆ, ಯಾರದ್ದು ಉಳಿದಿದೆ ಎಂದು ನೆನಪಿಡಲು ಗಣಿತದ ಪದವಿ ಬೇಕಿಲ್ಲ. ಡೀಲರ್ ಕೂಗಿ ಹೇಳುತ್ತಾನೆ, ಚಿಪ್ಸ್ ಬರುತ್ತದೆ, ಮೊಬೈಲ್ ನೋಡುತ್ತ ಕೂತವರಿಗೆ ಮಾತ್ರ ಗೊತ್ತಾಗುವುದಿಲ್ಲ.

ಬ್ರೇಕ್ ಮುಗಿದು ಏಳನೇ ಲೆವೆಲ್ ಶುರುವಾದಾಗ ಇಡೀ ಕೋಣೆ ಎರಡನೇ ಗುಂಪಿಗೆ ಸೇರುತ್ತದೆ. ಹತ್ತು ನಿಮಿಷ ಹಿಂದೆ ರಾಜ-ಏಳನ್ನು ಹಿಡಿದು ಆಲ್-ಇನ್ ಎಂದವನೇ ಈಗ ಒಂಬತ್ತರ ಜೋಡಿ ಹಿಡಿದು ಯೋಚಿಸುತ್ತಾನೆ. ಬೇರೆಯವರು ಪಣ ಏರಿಸಿದಾಗ ಒಳಬರಲು ಬೇಕಾದ ಕೈ, ನೀವೇ ಮೊದಲು ಏರಿಸಲು ಬೇಕಾದ ಕೈಗಿಂತ ಬಲವಾಗಿರಬೇಕು ಎಂಬ ಪೋಕರ್ ಲೇಖಕ ಡೇವಿಡ್ ಸ್ಕ್ಲಾನ್‌ಸ್ಕಿಯ ಮಾತಿಗೆ ಈ ಒಂದೆರಡು ಲೆವೆಲ್‌ಗಳಲ್ಲಿ ಸಿಗುವಷ್ಟು ಬೆಲೆ ಬೇರೆಲ್ಲೂ ಸಿಗದು. ಮೊದಲು ಏರಿಸಿ, ಬ್ಲೈಂಡ್ ಗೆದ್ದು, ಸುಮ್ಮನೆ ಮುಂದಿನ ಕೈಗೆ ಹೋಗಿ. ರೀಬೈ ಅವಧಿಯಲ್ಲಿ ಬಿಗಿ, ಅದು ಮುಗಿದ ಕೂಡಲೇ ಸಡಿಲ: ಮೇಜು ಹೋಗುವ ದಿಕ್ಕಿಗೆ ಉಲ್ಟಾ. ನಾನು ಓದಿದ ಸಲಹೆಗಳಲ್ಲೆಲ್ಲ ಹೆಚ್ಚು ಬಾಳಿಕೆಯದ್ದು ಇದು.

ಇತ್ತೀಚೆಗೆ ರೀಬೈಯ ಜಾಗವನ್ನು ರೀ-ಎಂಟ್ರಿ ಹಿಡಿದಿದೆ. ಮೇಲ್ನೋಟಕ್ಕೆ ಎರಡೂ ಒಂದೇ. ರೀ-ಎಂಟ್ರಿಯಲ್ಲಿ ಪೂರ್ತಿ ಔಟ್ ಆಗಿ, ಹೊಸ ಚೀಟಿ ಮಾಡಿಸಿ, ಹೊಸ ಮೇಜಿಗೆ ಹೋಗಬೇಕು. ಆಯೋಜಕರ ಶುಲ್ಕವನ್ನೂ ಸಾಮಾನ್ಯವಾಗಿ ಎರಡನೇ ಸಲ ಕೊಡಬೇಕು. ಹಳೆಯ ರೀಬೈಗೆ ಆ ಶುಲ್ಕ ಇರುತ್ತಿರಲಿಲ್ಲ. ನಮ್ಮ ಉದಾಹರಣೆಯಲ್ಲಿ ನೂರು ರೂಪಾಯಿ, ಅಂದರೆ ಮುನ್ನೂರು ರೂಪಾಯಿಯ ಲಾಭದಲ್ಲಿ ಮೂರನೇ ಒಂದು ಪಾಲು ಆಯೋಜಕರಿಗೆ. ಇದರ ಮೇಲೆ, ಒಂದು ಗಂಟೆ ಕೂತು ಓದಿಕೊಂಡ ಎದುರಾಳಿಗಳನ್ನೂ ಬಿಟ್ಟು ಹೋಗಬೇಕು. ಆಯೋಜಕರು ಇದನ್ನು ಯಾಕೆ ಇಷ್ಟಪಡುತ್ತಾರೆ ಎಂದು ಬೇರೆ ಹೇಳಬೇಕಾಗಿಲ್ಲ. ಇನ್ನು ಸ್ಯಾಟಲೈಟ್ ಪಂದ್ಯ, ದೊಡ್ಡ ಟೂರ್ನಿಯ ಟಿಕೆಟ್ಟೇ ಬಹುಮಾನವಾಗಿರುವ ಪಂದ್ಯ, ಅದರದ್ದು ಬೇರೆಯೇ ಜಾತಿ. 2003ರಲ್ಲಿ ಕ್ರಿಸ್ ಮನಿಮೇಕರ್ ಎಂಬ ಅಕೌಂಟೆಂಟ್ ನೂರು ಡಾಲರಿಗೂ ಕಡಿಮೆಯ ಆನ್‌ಲೈನ್ ಸ್ಯಾಟಲೈಟಿನಿಂದ ಮೇಲೆ ಬಂದು ವರ್ಲ್ಡ್ ಸೀರೀಸ್‌ನ ಮುಖ್ಯ ಪಂದ್ಯದಲ್ಲಿ 838 ಜನರನ್ನು ದಾಟಿ 25 ಲಕ್ಷ ಡಾಲರ್ ಗೆದ್ದದ್ದು ಅಂಥ ಪಂದ್ಯಗಳಿಗೆ ಜನ ಮುಗಿಬೀಳಲು ಕಾರಣವಾಯಿತು. ಸ್ಯಾಟಲೈಟಿನಲ್ಲಿ ಮೊದಲ ಸ್ಥಾನಕ್ಕೂ ಹತ್ತನೆಯದಕ್ಕೂ ಒಂದೇ ಟಿಕೆಟ್. ಕೊನೆಯಲ್ಲಿ ಬದುಕಿ ಉಳಿಯುವುದೇ ಎಲ್ಲ.

ಕೊನೆಗೆ ಜೇಬಿನ ಮಾತಿಗೆ ಬರಬೇಕು. ನಮ್ಮ ಸಾವಿರ ರೂಪಾಯಿಯ ಟೂರ್ನಿ ಸಾವಿರ ರೂಪಾಯಿಯದ್ದಲ್ಲ. ಶುಲ್ಕ, ರೀಬೈ, ಆಡ್-ಆನ್ ಸೇರಿದರೆ 3,100. 2000ದ ವಿಶ್ವ ಚಾಂಪಿಯನ್ ಕ್ರಿಸ್ ಫರ್ಗ್ಯೂಸನ್ ಸೊನ್ನೆಯಿಂದ ಹತ್ತು ಸಾವಿರ ಡಾಲರ್ ಗಳಿಸುವ ತಮ್ಮ ಪ್ರಯೋಗದಲ್ಲಿ ಹಲವು ಮೇಜುಗಳ ಯಾವ ಟೂರ್ನಿಗೂ ಆಟದ ಹಣದ ನೂರಕ್ಕೆ ಎರಡಕ್ಕಿಂತ ಹೆಚ್ಚು ಹಾಕಬಾರದೆಂದು ಕಟ್ಟು ಹಾಕಿಕೊಂಡಿದ್ದರು. ಆ ಕಟ್ಟಿನ ಪ್ರಕಾರ ಈ ಟೂರ್ನಿಗೆ ಕೂರುವವನ ಬಳಿ ಆಟಕ್ಕೆಂದೇ ತೆಗೆದಿಟ್ಟ 1,55,000 ರೂಪಾಯಿ ಇರಬೇಕು, 50,000 ಅಲ್ಲ. ಬಹುಮಾನದ ಪಟ್ಟಿಗಳು ಈ ಖರ್ಚನ್ನು ತೋರಿಸುವುದಿಲ್ಲ. ನೆಗ್ರಾನು ಇಲ್ಲಿ ಮತ್ತೆ ನೆನಪಾಗುತ್ತಾರೆ, ಈ ಸಲ ಅವರ ಪ್ರಾಮಾಣಿಕತೆಗಾಗಿ. 2017ರಲ್ಲಿ ತಾವು ಸುಮಾರು 28 ಲಕ್ಷ ಡಾಲರ್ ಬಹುಮಾನ ಗೆದ್ದರೂ ಪ್ರವೇಶಕ್ಕೆ ಕಟ್ಟಿದ್ದು ಅದಕ್ಕಿಂತ ಹೆಚ್ಚಾಗಿ ವರ್ಷ ನಷ್ಟದಲ್ಲಿ ಮುಗಿಯಿತು ಎಂದು ಅವರೇ ಲೆಕ್ಕ ಬಿಡಿಸಿ ಪ್ರಕಟಿಸಿದರು.

ಭಾರತದಲ್ಲಿ ಈ ಲೆಕ್ಕಕ್ಕೆ ಇನ್ನೂ ಒಂದು ಸಾಲು ಸೇರುತ್ತದೆ. ಪಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ನಿಷೇಧಿಸಿತ್ತು. ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ಆ ತಿದ್ದುಪಡಿಯನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ತಂದ ಕಾಯ್ದೆ ಕೌಶಲದ ಆಟ, ಅದೃಷ್ಟದ ಆಟ ಎಂಬ ಭೇದವನ್ನೇ ನೋಡದೆ ಆನ್‌ಲೈನ್ ಹಣದಾಟಗಳನ್ನೆಲ್ಲ ದೇಶದುದ್ದಕ್ಕೂ ನಿಷೇಧಿಸಿತು. ಪೋಕರ್ ಆ್ಯಪ್‌ಗಳು ಹಣದ ಪಂದ್ಯ ನಿಲ್ಲಿಸಿದವು. ಹಾಗಾಗಿ ಕನ್ನಡಿಗ ಪೋಕರ್ ಆಟಗಾರ ಹೋಗಬಹುದಾದ ಮೇಜುಗಳಲ್ಲಿ ಒಂದು ಗೋವಾದ ಪರವಾನಗಿ ಪಡೆದ ಕ್ಯಾಸಿನೊ, ದೂರದ್ದೆಂದರೆ ವಿದೇಶ. ಇನ್ನು ತೆರಿಗೆ: ಬ್ರಿಟನ್‌ನಲ್ಲಿ ಗೆದ್ದ ಹಣಕ್ಕೆ ಆಟಗಾರ ಅಲ್ಲಿ ತೆರಿಗೆ ಕಟ್ಟಬೇಕಿಲ್ಲ. ಅಮೆರಿಕದಲ್ಲಿ ಸೋತದ್ದನ್ನು ಗೆದ್ದದ್ದರಿಂದ ಕಳೆಯಲು ಅವಕಾಶವಿದೆ, 2026ರಿಂದ ಅದು ಸೋತದ್ದರ ನೂರಕ್ಕೆ 90ರಷ್ಟಕ್ಕೆ ಇಳಿದಿದೆ. ನಮ್ಮಲ್ಲಿ ಇಸ್ಪೀಟಾಟದ ಗೆಲುವಿಗೆ ನೂರಕ್ಕೆ 30 ಆದಾಯ ತೆರಿಗೆ, ಅದರ ಮೇಲೆ ಸೆಸ್. ಗೆಲ್ಲಲು ಮಾಡಿದ ಖರ್ಚನ್ನು ಕಳೆಯುವ ಹಾಗಿಲ್ಲ. ಕಾನೂನಿನ ಅಕ್ಷರಕ್ಕೆ ಹೋದರೆ ನಿಮ್ಮ ಪ್ರವೇಶ ಹಣ, ರೀಬೈ, ಆಡ್-ಆನ್, ಹಿಂದಿನ ಹತ್ತು ಟೂರ್ನಿಗಳಲ್ಲಿ ಕಳೆದುಕೊಂಡದ್ದು ಯಾವುದೂ ಲೆಕ್ಕಕ್ಕಿಲ್ಲ.

ಇದನ್ನು ನಮ್ಮ ಪಳಗಿದ ಆಟಗಾರನಿಗೆ ಹಚ್ಚಿ ನೋಡಿ. ಅವನ ರೀಬೈಯ ಬೆಲೆ 1,300 ಎಂದು ಹೇಳಿದ್ದೆ. ತೆರಿಗೆ ಕಳೆದರೆ ಉಳಿಯುವುದು 910. ಕೊಟ್ಟದ್ದು 1,000. ಇಲ್ಲಿ ಒಂದು ರೀಬೈ ಅಸಲಿಗೆ ಸಮವಾಗಬೇಕಾದರೂ ಆಟಗಾರ ಮೇಜಿನ ಸರಾಸರಿಗಿಂತ ನೂರಕ್ಕೆ 43 ಪಾಲು ಮೇಲಿರಬೇಕು, ಸೆಸ್ ಸೇರಿದರೆ ಇನ್ನೂ ಸ್ವಲ್ಪ ಹೆಚ್ಚು. ಪೋಕರ್ ಕೋಣೆಗಳಲ್ಲಿ ಅಂಥವರು ಬೆರಳೆಣಿಕೆಯಷ್ಟು. ಉಳಿದವರು ರೀಬೈ ಮಾಡಬಾರದೆಂದೇನಿಲ್ಲ, ಆದರೆ ಅದನ್ನು ಸಿನಿಮಾ ಟಿಕೆಟ್ಟಿನ ಖಾತೆಗೆ ಬರೆದುಕೊಳ್ಳಲಿ, ಹೂಡಿಕೆಯ ಖಾತೆಗೆ ಬೇಡ.